ಎಂ.ಬಿ.ಎ.ಗೆ ಮುನ್ನ ಏನೇನು ಕಲಿತಿರಬೇಕು?

ಪ್ರಶ್ನೆ: ಬಿ.ಎ.ಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಓದಿದ್ದೇನೆ. ಅಕೌಂಟ್ಸ್‌ನ ಗಂಧಗಾಳಿ ಇಲ್ಲ. ದಾವಣಗೆರೆಯಲ್ಲಿ ಎಂ.ಬಿ.ಎ. ಸೇರುವ ಆಸೆ. ಮೊದಲು ಯಾವುದಾದರೂ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತರಬೇಕೇ? ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲಿತರೆ ಸಾಕೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಅಂಥ ಸರ್ಟಿಫಿಕೇಟ್ ಬೇಕಿಲ್ಲ. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕ ಸೇರಲು ಯಾವುದೇ ವಿಷಯದ 3 ವರ್ಷದ ಪದವಿ, ಶೇ. 50 ಅಂಕ ಇದ್ದರಾಯಿತು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ. 45. ಆದರೆ ಮೊದಲ ಸೆಮಿಸ್ಟರ್‌ನಲ್ಲೇ ಅಕೌಂಟಿಂಗ್, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎದುರಾಗುತ್ತವೆ. ಬಿ.ಕಾಂ. ಮಾಡಿದವರು ಮೂರು ವರ್ಷ ಅರಗಿಸಿಕೊಂಡದ್ದನ್ನು ಇಲ್ಲಿ ಕೆಲವೇ ವಾರಗಳಲ್ಲಿ ಪಾಠ ಮಾಡಿ ಮುಗಿಸುತ್ತಾರೆ. ಕಲಾ ವಿಭಾಗದವರು ಎಡವುವುದು ಇಲ್ಲೇ. ಆದ್ದರಿಂದ ಅಕೌಂಟಿಂಗ್‌ನಿಂದಲೇ ಶುರು ಮಾಡಿ. ಪಿಯುಸಿ ವಾಣಿಜ್ಯ ವಿಭಾಗದ ಲೆಕ್ಕಶಾಸ್ತ್ರದ ಪುಸ್ತಕ ಸಾಕು.

ಟ್ಯಾಲಿ ಆಮೇಲೆ ಕಲಿಯಿರಿ. ವೋಚರ್ (ಒಂದೊಂದು ವ್ಯವಹಾರದ ದಾಖಲೆ) ಹಾಕಿದರೆ ಲೆಕ್ಕವನ್ನು ಅದೇ ಕೂಡಿಸಿಬಿಡುತ್ತದೆ, ಯಾವ ಅಂಕಿ ಎಲ್ಲಿಗೆ, ಯಾಕೆ ಹೋಯಿತು ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಕೈಯಲ್ಲೇ ಬರೆಯಬೇಕು. ದಾವಣಗೆರೆ ಎಪಿಎಂಸಿಯ ಒಬ್ಬ ಮೆಕ್ಕೆಜೋಳದ ವರ್ತಕರ ಲೆಕ್ಕ ಎಂದುಕೊಳ್ಳಿ. ಸ್ವಂತ ಬಂಡವಾಳ 1,00,000 ರೂ. ಕ್ವಿಂಟಲ್‌ಗೆ 2,000ದಂತೆ 100 ಕ್ವಿಂಟಲ್ ಖರೀದಿಸಿದರು, ಅರ್ಧ ನಗದು, ಅರ್ಧ ಉದ್ರಿ. 60 ಕ್ವಿಂಟಲನ್ನು 2,200ರಂತೆ ನಗದಿಗೆ ಮಾರಿದರು, 1,32,000 ಬಂತು. ಹೊಸಬರು 2,00,000ದಲ್ಲಿ 1,32,000 ಕಳೆದು 68,000 ನಷ್ಟ ಎನ್ನುತ್ತಾರೆ. ಗೋದಾಮಿನಲ್ಲಿ ಇನ್ನೂ 40 ಕ್ವಿಂಟಲ್, ಅಂದರೆ 80,000 ರೂಪಾಯಿಯ ಮಾಲು ಉಳಿದಿದೆ ಎಂಬುದನ್ನು ಮರೆಯುತ್ತಾರೆ. ಮಾರಿದ 60 ಕ್ವಿಂಟಲ್‌ನ ಅಸಲು 1,20,000, ಹಾಗಾಗಿ ಲಾಭ 12,000. ಆದರೆ ಪೆಟ್ಟಿಗೆಯಲ್ಲಿರುವ ನಗದು 1,32,000, ಅದರಲ್ಲಿ ಉದ್ರಿಯ ಒಂದು ಲಕ್ಷ ಕೊಡಬೇಕು. ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ. ಈಗ ಬ್ಯಾಲೆನ್ಸ್ ಶೀಟ್ (ಆಸ್ತಿ, ಹೊಣೆಗಳ ಪಟ್ಟಿ) ಹಾಕಿ: ಒಂದು ಕಡೆ ನಗದು 1,32,000, ದಾಸ್ತಾನು 80,000. ಇನ್ನೊಂದು ಕಡೆ ಸಾಲ 1,00,000, ಬಂಡವಾಳ 1,00,000, ಲಾಭ 12,000. ಎರಡೂ ಕಡೆ 2,12,000. ಹಮಾಲಿ, ಬಾಡಿಗೆ ಸೇರಿಸಿ ಇದನ್ನೇ ಮತ್ತೆ ಮಾಡಿ. ಜರ್ನಲ್ (ದಿನದ ವ್ಯವಹಾರಗಳ ದಾಖಲೆ), ಲೆಡ್ಜರ್ (ಖಾತೆವಾರು ಪುಸ್ತಕ), ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ತಾಳೆಪಟ್ಟಿ) ಮೂರನ್ನೂ ಪುಸ್ತಕ ನೋಡದೆ ಬರೆಯುವಷ್ಟು ರೂಢಿಯಾಗಬೇಕು.

ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ಮಧ್ಯಾಂಕ, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಸಂಭವನೀಯತೆ ಇಷ್ಟು ಗೊತ್ತಿರಲಿ. ಅರ್ಥಶಾಸ್ತ್ರದಲ್ಲಿ ಬೇಡಿಕೆ, ಪೂರೈಕೆ ಸಾಕು. ಚಕ್ರಬಡ್ಡಿಯನ್ನು ತಿರುಗಿಸಿ ಮಾಡುವುದನ್ನೂ ಕಲಿಯಿರಿ: ಶೇ. 10ರ ದರದಲ್ಲಿ 3 ವರ್ಷದ ನಂತರ ಬರುವ ಒಂದು ಲಕ್ಷದ ಇಂದಿನ ಬೆಲೆ ಸುಮಾರು 75,131 ರೂ. ಹಣಕಾಸು ನಿರ್ವಹಣೆಯ ಅರ್ಧ ಪಾಠ ನಿಂತಿರುವುದೇ ಇದರ ಮೇಲೆ. ಎಕ್ಸೆಲ್‌ನಲ್ಲೂ ಮಾಡಿ ನೋಡಿ.

ಪ್ರಶ್ನೆ: ಬಿ.ಇ. ಕೊನೆಯ ವರ್ಷ. ಅಮೆರಿಕದಲ್ಲಿ ಬಿಸಿನೆಸ್ ಪದವಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಅಲ್ಲಿಯೂ ಹೀಗೆಯೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎಲ್ಲ ಕಡೆ ಅಲ್ಲ. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು, ಅದರಲ್ಲೂ ಅಕೌಂಟಿಂಗ್, ಫೈನಾನ್ಸ್ ಮಾಸ್ಟರ್ಸ್‌ಗೆ, ಅಕೌಂಟಿಂಗ್, ಸಂಖ್ಯಾಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರಗಳನ್ನು ಮೊದಲೇ ಓದಿ ಪಾಸಾಗಿರಬೇಕೆಂದು ಕೇಳುತ್ತವೆ. ನಿಮ್ಮ ಗಣಿತದ ಪತ್ರಿಕೆಗಳಲ್ಲಿ ಸಂಭವನೀಯತೆ, ಸಂಖ್ಯಾಶಾಸ್ತ್ರದ ಪಾಠಗಳಿದ್ದರೆ ಒಂದು ವಿಷಯಕ್ಕೆ ವಿನಾಯಿತಿ ಕೇಳಬಹುದು. ಆದರೆ ಅಂಕಪಟ್ಟಿಯಲ್ಲಿ ‘ಗಣಿತ’ ಎಂದಷ್ಟೇ ಇದ್ದರೆ ಅರ್ಜಿ ತಕರಾರಿಗೆ ಸಿಕ್ಕಬಹುದು. ಆ ಸೆಮಿಸ್ಟರ್‌ನ ಪಠ್ಯಕ್ರಮದ ಪ್ರತಿಗೆ ಕಾಲೇಜಿನ ಮೊಹರು, ಸಹಿ ಹಾಕಿಸಿ ಈಗಲೇ ತೆಗೆದಿಟ್ಟುಕೊಳ್ಳಿ. ಉಳಿದ ವಿಷಯಗಳಿಗೆ ಆನ್‌ಲೈನ್ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಅದರ ಹೆಸರು, ಪಠ್ಯಕ್ರಮ ಕಳಿಸಿ, ಒಪ್ಪುತ್ತೀರಾ ಎಂದು ಆ ವಿಭಾಗದ ಪ್ರವೇಶ ಕಚೇರಿಗೆ ಇಮೇಲ್‌ನಲ್ಲೇ ಕೇಳಿ. ಕ್ರೆಡಿಟ್, ಗ್ರೇಡ್ ಇಲ್ಲದ ಬರೀ ಹಾಜರಿ ಪ್ರಮಾಣಪತ್ರವನ್ನು ಹಲವು ಕಡೆ ಒಪ್ಪುವುದಿಲ್ಲ.