ಓದುಗರ ಪ್ರಶ್ನೆ, ತಜ್ಞರ ಉತ್ತರ: ಕಳ್ಳ ಕೂಲಿಂಗ್ ಗ್ಯಾಸ್ ಹಿಡಿಯಲು ಕಸ್ಟಮ್ಸ್‌ನವರು ಏನು ಕಲಿತಿರಬೇಕು?

ಪ್ರಶ್ನೆ: ಬಂದರಿನಲ್ಲಿ ಸರಕು ತಪಾಸಣೆಗೆ ಹೊಸದಾಗಿ ಬಂದಿದ್ದೇನೆ. ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್‌ಗಳ ಬಗ್ಗೆ ಒಂದು ದಿನದ ತರಬೇತಿ ಕೊಟ್ಟರು. ಅರ್ಧ ದಿನ ಒಪ್ಪಂದಗಳ ಇತಿಹಾಸದಲ್ಲೇ ಹೋಯಿತು. ಕಂಟೇನರ್ ಬಾಗಿಲು ತೆಗೆದ ಮೇಲೆ ಏನು ನೋಡಬೇಕು? (ಮಂಗಳೂರು)

ಉತ್ತರ: ಇತಿಹಾಸದಲ್ಲಿ ನಿಮಗೆ ಬೇಕಾದದ್ದು ಇಷ್ಟೇ. 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಆರ್-12ರಂಥ ಸಿಎಫ್‌ಸಿಗಳು (ಓಝೋನ್‌ಗೆ ಹೆಚ್ಚು ಹಾನಿ ಮಾಡುವ ಹಳೆಯ ಕೂಲಿಂಗ್ ಗ್ಯಾಸ್‌ಗಳು) ನಮ್ಮಲ್ಲಿ 2010ಕ್ಕೇ ಮುಗಿದವು. ಅವುಗಳ ಜಾಗಕ್ಕೆ ಬಂದ, ಹಾನಿ ಕಡಿಮೆ ಇರುವ ಎಚ್‌ಸಿಎಫ್‌ಸಿಗಳ (ಆರ್-22 ಇವುಗಳಲ್ಲೊಂದು) ಉತ್ಪಾದನೆ, ಬಳಕೆಗೆ 2025ರಲ್ಲಿ ಶೇ 67.5ರ ಕಡಿತ ಬಂದಿದೆ. 2030ರ ನಂತರ ಹಳೆ ಯಂತ್ರಗಳ ರಿಪೇರಿಗೆ ಬೇಕಾದಷ್ಟು ಮಾತ್ರ ಉಳಿಯುತ್ತದೆ. ಯಂತ್ರಗಳು ಇನ್ನೂ ಓಡುತ್ತಿವೆ, ಗ್ಯಾಸ್ ಸಿಗುವುದು ಕಡಿಮೆಯಾಗುತ್ತಿದೆ. ಕಳ್ಳಮಾಲು ಹುಟ್ಟುವುದೇ ಈ ನಡುವಿನ ಜಾಗದಲ್ಲಿ.

ಬಾಗಿಲು ತೆಗೆಯುವ ಮೊದಲು ಕಾಗದ ಓದಿ. 2022ರ ಎಚ್‌ಎಸ್ ಕೋಡ್‌ಗಳ (ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಗಳ) ಪ್ರಕಾರ ಆರ್-22 ಬರುವುದು 2903.71ರಲ್ಲಿ, ಓಝೋನ್‌ಗೆ ಹಾನಿ ಮಾಡದ ಆರ್-134ಎ 2903.45ರಲ್ಲಿ, ಆರ್-410ಎಯಂಥ ಮಿಶ್ರಣಗಳು 3827ರಲ್ಲಿ. ಇಲ್ಲೊಂದು ಗುಂಡಿ ಇದೆ: ಇಂದು ಆರ್-32ಕ್ಕಿರುವ 2903.42 ಸಂಖ್ಯೆ 2007ರ ಪಟ್ಟಿಯಲ್ಲಿ ಆರ್-12ರದ್ದಾಗಿತ್ತು. ಹಳೆಯ ತರಬೇತಿ ಪುಸ್ತಕ ಎದುರಿಗಿಟ್ಟುಕೊಂಡು ಕುಳಿತವರು ಇದರಲ್ಲಿ ಬೀಳುತ್ತಾರೆ. ತೂಕವನ್ನೂ ತಾಳೆ ನೋಡಿ. ಒಮ್ಮೆ ಬಳಸಿ ಎಸೆಯುವ ಸಿಲಿಂಡರ್‌ನಲ್ಲಿ ಆರ್-22 ಮತ್ತು ಆರ್-134ಎ ಸಾಮಾನ್ಯವಾಗಿ 13.6 ಕೆ.ಜಿ. ತುಂಬಿರುತ್ತದೆ, ಆರ್-410ಎ 11.3 ಕೆ.ಜಿ. 'ಆರ್-410ಎ' ಎಂಬ ಪೆಟ್ಟಿಗೆಯ ಮೇಲೆ ನಿವ್ವಳ 13.6 ಎಂದು ಅಚ್ಚಾಗಿದ್ದರೆ ಅದನ್ನು ಪಕ್ಕಕ್ಕೆ ಇಡಿಸಿ.

ಬಣ್ಣ ನಂಬಬೇಡಿ. ತಿಳಿಹಸಿರು ಎಂದರೆ ಆರ್-22, ತಿಳಿನೀಲಿ ಎಂದರೆ ಆರ್-134ಎ ಎನ್ನುವ ಪಾಠ ಹಳತಾಯಿತು; ಆ ಬಣ್ಣಗಳನ್ನು ಗೊತ್ತುಮಾಡಿದ್ದ ಅಮೆರಿಕದ ಉದ್ಯಮ ಸಂಘವೇ ಎಲ್ಲಕ್ಕೂ ಒಂದೇ ಹಸಿರು-ಬೂದು ಬಣ್ಣ ಸಾಕೆಂದು ಬದಲಾಯಿಸಿದೆ. ಅಲ್ಲದೆ ಪೇಂಟ್ ಯಾರ ಕೈಗೂ ಸಿಗುತ್ತದೆ. ಬಾಗಿಲ ಬಳಿಯ ಸಾಲಿನಿಂದ ಮಾತ್ರ ಸ್ಯಾಂಪಲ್ ತೆಗೆಯುವುದು ಇನ್ನೊಂದು ತಪ್ಪು. ಕಾನೂನುಬದ್ಧ ಮಾಲನ್ನು ಮುಂದೆ ಜೋಡಿಸಿ, ಬೇರೆಯದನ್ನು ಹಿಂದೆ ತುಂಬುವುದು ಹಳೇ ಉಪಾಯ. ಮುಂದಿನ, ನಡುವಿನ, ಕಟ್ಟಕಡೆಯ ಸಾಲುಗಳಿಂದ, ಕೆಳಗಿನ ಪದರದಿಂದಲೂ ಸಿಲಿಂಡರ್ ಇಳಿಸಿಕೊಳ್ಳಿ.

ಮುಂದಿನದು ಐಡೆಂಟಿಫೈಯರ್, ಅಂದರೆ ಒಳಗಿರುವ ಗ್ಯಾಸ್ ಯಾವುದೆಂದು ಹೇಳುವ ಯಂತ್ರದ ಕೆಲಸ. ಯಂತ್ರ ಬಿಸಿಯಾಗಲಿ, ಸುತ್ತಲಿನ ಶುದ್ಧ ಗಾಳಿಯಲ್ಲಿ ಸೊನ್ನೆಗೆ ಬರಲಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಳಗೆ ಹೋಗಬೇಕಾದದ್ದು ಆವಿ. ಮಲಗಿಸಿದರೆ ಅಥವಾ ಬುಡಮೇಲು ಮಾಡಿದರೆ ದ್ರವ ನುಗ್ಗಿ ಸೆನ್ಸರ್ ಹಾಳಾಗುತ್ತದೆ. ಈ ಯಂತ್ರಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ಫಿಲ್ಟರ್ ಮೇಲೆ ಎಣ್ಣೆಯ ಕಲೆ ಕಂಡರೆ ಬದಲಿಸಿ. ಕೈಗವಸು, ಕನ್ನಡಕ ಬಿಡಬೇಡಿ. ಆರ್-22 ಸೊನ್ನೆಗಿಂತ 40 ಡಿಗ್ರಿ ಕೆಳಗೇ ಕುದಿಯುವ ದ್ರವ, ಚರ್ಮಕ್ಕೆ ಹಾರಿದರೆ ಸುಟ್ಟಂತಾಗುತ್ತದೆ. ತೆರೆ ಮೇಲೆ 'ಹೈಡ್ರೋಕಾರ್ಬನ್' ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ, ಅದು ಹೊತ್ತಿಕೊಳ್ಳುವ ಗ್ಯಾಸ್. 'ಗೊತ್ತಿಲ್ಲ' ಎಂದು ಬಂದರೆ ಮಾಲು ನಕಲಿಯೇ ಎಂದು ಬರೆದುಬಿಡಬೇಡಿ. ಹಳೇ ಮಾದರಿಯ ಯಂತ್ರಗಳಿಗೆ ಹೊಸ ಮಿಶ್ರಣಗಳ ಗುರುತೇ ಇಲ್ಲ.

ಯಂತ್ರ ಹೇಳಿದ್ದು ಅನುಮಾನಕ್ಕೆ ಆಧಾರ, ಸಾಕ್ಷ್ಯಕ್ಕೆ ಸಾಲದು. ಮೊಹರು ಮಾಡಿದ ಸ್ಯಾಂಪಲ್ ಪ್ರಯೋಗಾಲಯದ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ (ಒಳಗಿನ ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆಗೆ) ಹೋಗಲಿ, ಮಹಜರಿನಲ್ಲಿ ಸಿಲಿಂಡರ್ ಸಂಖ್ಯೆ ಮತ್ತು ಅದಿದ್ದ ಸಾಲು ಎರಡೂ ದಾಖಲಾಗಲಿ. ಜಪ್ತಿ 1962ರ ಕಸ್ಟಮ್ಸ್ ಕಾಯ್ದೆಯ 110ನೇ ಸೆಕ್ಷನ್ ಅಡಿ. ಲೈಸೆನ್ಸ್ ಅಸಲಿಯೇ ಎಂಬ ಸಂಶಯವಿದ್ದರೆ ಪರಿಸರ ಸಚಿವಾಲಯದ ಓಝೋನ್ ಸೆಲ್‌ಗೆ ಕೇಳಿ. ಕಳಿಸುವ ದೇಶದ ಓಝೋನ್ ಕಚೇರಿಯನ್ನು ಅವರು ನೇರವಾಗಿ ವಿಚಾರಿಸಬಲ್ಲರು.

ಪ್ರಶ್ನೆ: ನಾನು ಎಸಿ ಮೆಕ್ಯಾನಿಕ್. ಆರ್-134ಎ ಎಂದು ಕೊಟ್ಟ ಸಿಲಿಂಡರ್ ಬೆಲೆ ತೀರಾ ಕಡಿಮೆ, ಆದರೆ ಗೇಜ್‌ನಲ್ಲಿ ಪ್ರೆಷರ್ ಸರಿಯಾಗಿಯೇ ಇದೆ. ಹೆದರಬೇಕೇ? (ಹುಬ್ಬಳ್ಳಿ)

ಉತ್ತರ: ಹೆದರಬೇಕು. 25 ಡಿಗ್ರಿಯಲ್ಲಿ ಆರ್-134ಎ ಗೇಜ್‌ನಲ್ಲಿ ಸುಮಾರು 5.6 ಬಾರ್ ತೋರಿಸುತ್ತದೆ, ಆರ್-12 ಸುಮಾರು 5.5. ಗೇಜ್ ಇವೆರಡನ್ನು ಬೇರ್ಪಡಿಸಲಾರದು. ಆರ್-22 ಆದರೆ 9.4ರ ಹತ್ತಿರ ಹೋಗಿ ಸಿಕ್ಕಿಬೀಳುತ್ತದೆ. ನಿಜವಾದ ಅಪಾಯ ಆರ್-40, ಅಂದರೆ ಮೀಥೈಲ್ ಕ್ಲೋರೈಡ್. ಅದನ್ನು ಬೆರೆಸಿದರೂ ಪ್ರೆಷರ್ ಹೆಚ್ಚುಕಡಿಮೆ ಹೊಂದಿಕೆಯಾಗುತ್ತದೆ. ಅದು ಕಂಪ್ರೆಸರ್‌ನ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತು ಆಗುತ್ತದೆ. 2011ರಲ್ಲಿ ಹೀಗೆ ನಕಲಿ ಗ್ಯಾಸ್ ತುಂಬಿದ ಶೀತಲ ಕಂಟೇನರ್‌ಗಳು ಸಿಡಿದು ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಮೂವರು ಸತ್ತರು. ಅಸಲಿ ಆರ್-134ಎಯಲ್ಲಿ ಕ್ಲೋರಿನ್ ಇರುವುದೇ ಇಲ್ಲ, ಆದ್ದರಿಂದ ಕ್ಲೋರಿನ್ ಪರೀಕ್ಷೆಯಲ್ಲಿ ಗುರುತು ಬಂದರೆ ಮಾಲು ಕೆಟ್ಟದ್ದು. ಆ ಪರೀಕ್ಷೆಯ ಜ್ವಾಲೆಯ ದೀಪವನ್ನು ಅಂಗಡಿಯೊಳಗೆ ಹಚ್ಚಬೇಡಿ. ಸಿಲಿಂಡರ್ ಬಳಸದೆ ಬಿಲ್ ಸಮೇತ ತೆಗೆದಿಡಿ.

ಪ್ರಶ್ನೆ: ಇಂಥ ತರಬೇತಿ ರೂಪಿಸುವ ಕೆಲಸ ಬಂದಿದೆ. ಎರಡು ದಿನವಿದೆ. ಸಮಯ ಹೇಗೆ ಹಂಚಲಿ? (ಬೆಂಗಳೂರು)

ಉತ್ತರ: ಒಪ್ಪಂದಗಳಿಗೆ ಒಂದು ಗಂಟೆ ಸಾಕು. ಮೊದಲ ದಿನದ ಉಳಿದದ್ದು ಕಾಗದಪತ್ರಗಳಿಗೆ: ಹೆಸರು ಅಳಿಸಿದ ನಿಜವಾದ ಬಿಲ್ ಆಫ್ ಎಂಟ್ರಿಗಳನ್ನೇ (ಆಮದು ಘೋಷಣೆ ಪತ್ರಗಳನ್ನೇ) ಕೊಟ್ಟು ತಪ್ಪು ಹುಡುಕಿಸಿ. ಎರಡನೇ ದಿನ ಪೂರ್ತಿ ಸಿಲಿಂಡರ್ ಮುಂದೆ. ಒಂದು ಐಡೆಂಟಿಫೈಯರ್‌ಗೆ ಐದಾರು ಜನಕ್ಕಿಂತ ಹೆಚ್ಚಾದರೆ ಹಿಂದಿನವರು ಮೊಬೈಲ್ ನೋಡುತ್ತಿರುತ್ತಾರೆ. ಲೇಬಲ್ ಬದಲಿಸಿದ ಒಂದೆರಡು ಸಿಲಿಂಡರ್‌ಗಳನ್ನು ಹೇಳದೆ ನಡುವೆ ಇಡಿ. ಒಬ್ಬ ಅನುಭವಿ ಎಸಿ ಮೆಕ್ಯಾನಿಕ್‌ನನ್ನೂ ಕರೆಸಿ. ಹೋಸ್ ಜೋಡಿಸುವುದನ್ನು ಅವರಷ್ಟು ಚೆನ್ನಾಗಿ ಯಾವ ಸ್ಲೈಡೂ ತೋರಿಸಲಾರದು.

ಕಲಿತವರಿಗೆ ವರ್ಗಾವಣೆ ತಪ್ಪಿದ್ದಲ್ಲ. ಆದ್ದರಿಂದ ಪ್ರತಿ ಕೇಂದ್ರದಿಂದ ಇಬ್ಬರನ್ನು ಬೋಧಕರನ್ನಾಗಿ ತಯಾರು ಮಾಡಿ, ಯಂತ್ರದ ಕ್ಯಾಲಿಬ್ರೇಶನ್ ದಿನಾಂಕ ಯಾರ ಹೊಣೆ ಎಂದು ಹುದ್ದೆಯ ಹೆಸರಿನಲ್ಲೇ ಬರೆಸಿ. ಜಪ್ತಿಯಾದ ಗ್ಯಾಸ್ ಇಡುವ ಜಾಗವನ್ನೂ ಪಾಠದಲ್ಲಿ ಸೇರಿಸಿ: ನೆರಳು, ಗಾಳಿಯಾಟ, 50 ಡಿಗ್ರಿ ದಾಟದ ಗೋದಾಮು. ಜಾಗವಿಲ್ಲವೆಂದು ವಾಲ್ವ್ ತಿರುಗಿಸಿದರೆ ಒಂದೇ ಆರ್-22 ಸಿಲಿಂಡರ್‌ನಿಂದ 24 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಭೂಮಿಗೆ ಸೇರುತ್ತದೆ.