ಗಿಟಾರ್ ರಿಪೇರಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆನ್‌ಲೈನಿನಲ್ಲಿ ಅಕೂಸ್ಟಿಕ್ ಗಿಟಾರ್ ತರಿಸಿದ್ದೇನೆ. ಎಫ್ ಕಾರ್ಡ್ ಹಿಡಿದರೆ ಬೆರಳು ಉರಿಯುತ್ತದೆ. ‘ಅಭ್ಯಾಸವಾದರೆ ಸರಿಹೋಗುತ್ತೆ’ ಅಂತಾರೆ ಮೇಷ್ಟ್ರು. ಮನೆಯಲ್ಲೇ ತಂತಿ ತಗ್ಗಿಸಬಹುದಾ?
– ಓದುಗರು, ದಾವಣಗೆರೆ

ಮೇಷ್ಟ್ರು ಹೇಳಿದ್ದು ಅರ್ಧ ನಿಜ. ತಂತಿ ಇರಬೇಕಾದ್ದಕ್ಕಿಂತ ಎತ್ತರದಲ್ಲಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಬೆರಳಿಗೆ ಶಿಕ್ಷೆಯೇ. ತಗ್ಗಿಸುವ ಮೊದಲು ಅಳೆಯಿರಿ. ಅರ್ಧ ಮಿ.ಮೀ. ಗುರುತಿರುವ ಸ್ಟೀಲ್ ಸ್ಕೇಲ್, ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಟ್ಯೂನರ್, ಗಿಟಾರಿನ ಜೊತೆ ಬಂದ ಅಲೆನ್ ಕೀ ಬೇಕು. ಜೊತೆಗೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್. ಆಟೋಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ‘ಗಿಟಾರ್‌ಗೆಂದೇ’ ಮಾರುವ ದುಬಾರಿ ಗೇಜ್ ಬೇಕಿಲ್ಲ.

ಮೊದಲು ಪೂರ್ತಿ ಶ್ರುತಿ ಮಾಡಿ. 12ರ ಗೇಜಿನ (ಅತಿ ತೆಳು ತಂತಿ 0.012 ಇಂಚು ದಪ್ಪವಿರುವ) ಆರು ತಂತಿಗಳು ಸೇರಿ ಕುತ್ತಿಗೆಯನ್ನು ಸುಮಾರು 70 ಕಿಲೋ ಬಲದಿಂದ ಎಳೆಯುತ್ತವೆ. ತಂತಿ ಸಡಿಲವಿದ್ದಾಗ ತೆಗೆದ ಅಳತೆ ಯಾವ ಲೆಕ್ಕಕ್ಕೂ ಬಾರದು.

ಇನ್ನು ಕುತ್ತಿಗೆಯ ಬಾಗು. 1ನೇ ಫ್ರೆಟ್‌ಗೆ (ಫ್ರೆಟ್ ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ, ಎಣಿಕೆ ಬಿರಡೆಗಳ ಕಡೆಯಿಂದ) ಕ್ಯಾಪೊ ಹಾಕಿ, 6ನೇ ತಂತಿಯನ್ನು, ಅಂದರೆ ಅತಿ ದಪ್ಪನೆಯದನ್ನು, 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ನೇರ ಪಟ್ಟಿ. 7ನೇ ಫ್ರೆಟ್‌ನ ನೆತ್ತಿಗೂ ತಂತಿಯ ತಳಕ್ಕೂ ನಡುವೆ 0.2ರಿಂದ 0.25 ಮಿ.ಮೀ. ದಪ್ಪದ ಫೀಲರ್ ಗೇಜ್ ಎಲೆ ತಂತಿಯನ್ನು ಎತ್ತದೆ ನುಸುಳಬೇಕು. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು (ಕುತ್ತಿಗೆಯೊಳಗಿನ ಲೋಹದ ಸರಳು) ಅಲೆನ್ ಕೀಯಿಂದ ಬಲಕ್ಕೆ ಎಂಟನೇ ಒಂದು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಸೇರಿಸಿ, ಮತ್ತೆ ಅಳೆಯಿರಿ. ಸಂದೇ ಇಲ್ಲದಿದ್ದರೆ ಅಷ್ಟೇ ಎಡಕ್ಕೆ. ಕೀ ಮಿಸುಕದಿದ್ದರೆ ಅಲ್ಲಿಗೇ ನಿಲ್ಲಿಸಿ. ರಾಡ್ ತುಂಡಾದರೆ ರಿಪೇರಿಯ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನು ಮೀರುತ್ತದೆ. ಟ್ರಸ್ ರಾಡ್ ಇರುವುದು ಬಾಗು ಸರಿಪಡಿಸಲು. ತಂತಿಯ ಎತ್ತರ ಇಳಿಸಲು ಅದನ್ನು ಬಿಗಿ ಮಾಡುತ್ತಾ ಹೋದವರ ಗಿಟಾರ್ ಕೊನೆಗೆ ಮೊದಲ ಐದು ಫ್ರೆಟ್‌ಗಳಲ್ಲಿ ಜಿರ್ ಎನ್ನತೊಡಗುತ್ತದೆ.

ನಿಮ್ಮ ಎಫ್ ಕಾರ್ಡಿನ ಉರಿಯ ಮೂಲ ಬಹುಪಾಲು ನಟ್‌ನಲ್ಲೇ ಇರುತ್ತದೆ, ಅಂದರೆ ಬಿರಡೆಗಳ ಕಡೆ ತಂತಿ ಕೂರುವ ಬಿಳಿ ಪಟ್ಟಿಯಲ್ಲಿ. ಎಫ್ ಹಿಡಿಯುವುದು ಅದರ ಪಕ್ಕದ 1ನೇ ಫ್ರೆಟ್‌ನಲ್ಲಿ. ಆ ಜಾಗದಲ್ಲಿ ಸ್ಯಾಡಲ್ (ಇನ್ನೊಂದು ತುದಿಯಲ್ಲಿ, ಮುಂಭಾಗದ ಹಲಗೆಗೆ ಅಂಟಿಸಿದ ಬ್ರಿಡ್ಜ್ ಎಂಬ ಮರದ ತುಂಡಿನಲ್ಲಿ ತಂತಿ ಕೂರುವ ಪಟ್ಟಿ) ತಗ್ಗಿಸಿದ್ದರ ಪರಿಣಾಮ ತೀರಾ ಕಡಿಮೆ. ತಂತಿಯನ್ನು 2 ಮತ್ತು 3ನೇ ಫ್ರೆಟ್‌ಗಳ ನಡುವೆ ಒತ್ತಿ, 1ನೇ ಫ್ರೆಟ್ ಮೇಲಿನ ಸಂದು ನೋಡಿ. ಜೆರಾಕ್ಸ್ ಕಾಗದದ ಒಂದು ಹಾಳೆ, ಅಂದರೆ ಸುಮಾರು 0.1 ಮಿ.ಮೀ., ಸಲೀಸಾಗಿ ಓಡಾಡಿದರೆ ಗಾಡಿಯ (ನಟ್‌ನಲ್ಲಿ ತಂತಿ ಕೂರುವ ಸೀಳು) ಆಳ ಸಾಲದು ಎಂದರ್ಥ. ಇದನ್ನು ಮಾತ್ರ ನೀವೇ ಮಾಡಬೇಡಿ. ಪ್ರತಿ ತಂತಿಗೂ ಅದರದ್ದೇ ದಪ್ಪದ ಅರ ಬೇಕು, ಕೂದಲೆಳೆಯಷ್ಟು ಹೆಚ್ಚು ಕೊರೆದರೂ ಖಾಲಿ ತಂತಿ ಜಿರ್ ಎನ್ನುತ್ತದೆ. ರಿಪೇರಿಯವರಿಗೆ ಇದು ಸಣ್ಣ ಕೆಲಸ.

ಸ್ಯಾಡಲ್ ನೀವೇ ಮಾಡಬಹುದು. 12ನೇ ಫ್ರೆಟ್‌ನಲ್ಲಿ 6ನೇ ತಂತಿ 2.5 ಮಿ.ಮೀ., 1ನೇ ತಂತಿ 2 ಮಿ.ಮೀ. ಎತ್ತರದಲ್ಲಿದ್ದರೆ ಚೆನ್ನ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅರ್ಧ ಮಿ.ಮೀ. ಇಳಿಯಲು ಸ್ಯಾಡಲ್‌ನಿಂದ 1 ಮಿ.ಮೀ. ತೆಗೆಯಬೇಕು. ಸ್ಯಾಡಲ್ ಕಳಚಿ, ತಳದಲ್ಲಿ ಪೆನ್ಸಿಲ್ ಗೆರೆ ಎಳೆದು, ಗ್ರಾನೈಟ್ ಕಟ್ಟೆಗೆ ಅಂಟಿಸಿದ 220 ನಂಬರಿನ ಎಮರಿ ಪೇಪರ್ ಮೇಲೆ ನೆಟ್ಟಗೆ ಹಿಡಿದು ತಳವನ್ನಷ್ಟೇ ಉಜ್ಜಿ. ಗೆರೆ ಮುಟ್ಟುವ ಮುಂಚೆಯೇ ನಿಲ್ಲಿಸಿ, ಕೂರಿಸಿ, ಅಳೆದು ನೋಡಿ. ತಳ ದುಂಡಗಾದರೆ ನಾದ ಮಂಕಾಗುತ್ತದೆ. ಸ್ಯಾಡಲ್ ಬ್ರಿಡ್ಜ್‌ನಿಂದ ಈಗಾಗಲೇ 2 ಮಿ.ಮೀ. ಮಾತ್ರ ಎದ್ದಿದ್ದರೆ ಮುಟ್ಟಬೇಡಿ. ಕೆಟ್ಟಿರುವುದು ಕುತ್ತಿಗೆಯ ಕೋನ.

ಪ್ರಶ್ನೆ: ಜೂನ್ ಬಂತೆಂದರೆ ತಂತಿ ತಾನಾಗಿ ಮೇಲೇರುತ್ತದೆ, ತುಕ್ಕೂ ಹಿಡಿಯುತ್ತದೆ.
– ಓದುಗರು, ಮಂಗಳೂರು

ಮರಕ್ಕೆ ಹಿಡಿಸುವ ತೇವಾಂಶ ಶೇ 45ರಿಂದ 55. ಕರಾವಳಿಯ ಮಳೆಗಾಲದಲ್ಲಿ ಅದು 85 ದಾಟುವುದು ಮಾಮೂಲು. ಮುಂಭಾಗದ ಹಲಗೆ ನೀರು ಹೀರಿ ಉಬ್ಬುತ್ತದೆ, ಅದರೊಡನೆ ಬ್ರಿಡ್ಜ್ ಎದ್ದು ತಂತಿಯೂ ಏರುತ್ತದೆ. ಜುಲೈನಲ್ಲಿ ಸ್ಯಾಡಲ್ ಉಜ್ಜಿದರೆ ಜನವರಿಯಲ್ಲಿ ಎಲ್ಲ ಫ್ರೆಟ್‌ಗಳೂ ಜಿರ್ ಎನ್ನುತ್ತವೆ. ಮಳೆಗಾಲಕ್ಕೆಂದೇ ತುಸು ಗಿಡ್ಡ ಸ್ಯಾಡಲ್ ಇನ್ನೊಂದು ಮಾಡಿಟ್ಟುಕೊಳ್ಳಿ. ಗಿಟಾರನ್ನು ಗೋಡೆಗೆ ನೇತುಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿಡಿ, ಒಳಗೆ ಸಿಲಿಕಾ ಜೆಲ್ ಮತ್ತು ಸಣ್ಣ ಡಿಜಿಟಲ್ ತೇವಮಾಪಕ ಇರಲಿ. ಜೆಲ್ ಬಣ್ಣ ಬದಲಿಸಿದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ನುಡಿಸಿದ ಮೇಲೆ ತಂತಿಯ ಅಡಿಗೂ ಬಟ್ಟೆ ತೂರಿಸಿ ಒರೆಸಿ. ಬೆವರಿನ ಉಪ್ಪು ಕೂರುವುದು ಅಲ್ಲೇ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದೆಲ್ಲ ತಿರುವುಮುರುವು. ಕುತ್ತಿಗೆಯ ಅಂಚು ಸವರಿದಾಗ ಫ್ರೆಟ್‌ನ ತುದಿ ಚುಚ್ಚಿದರೆ ಮರ ಒಣಗಿದೆ ಎಂದೇ ಲೆಕ್ಕ.

ಪ್ರಶ್ನೆ: ಹೊಸ ತಂತಿ ಹಾಕಿದ ಮೇಲೆ ಶ್ರುತಿ ನಿಲ್ಲುತ್ತಿಲ್ಲ. ಬಿರಡೆ ಕೆಟ್ಟಿದೆಯಾ?
– ಓದುಗರು, ಶಿವಮೊಗ್ಗ

ಬಿರಡೆಯ ಮೇಲೆ ಅನುಮಾನ ಕೊನೆಗಿರಲಿ. ಬ್ರಿಡ್ಜ್ ಪಿನ್ ಹಾಕುವಾಗ ತಂತಿಯನ್ನು ಮೇಲಕ್ಕೆ ಜಗ್ಗಿ, ಅದರ ತುದಿಯ ಗುಂಡು ಒಳಗಿನ ಹಲಗೆಗೆ ಕಚ್ಚಿಕೊಂಡಿದೆಯೆ ನೋಡಿ. ಗುಂಡು ಪಿನ್ನಿನ ತಳಕ್ಕೆ ಸಿಕ್ಕಿದ್ದರೆ ಪಿನ್ ಮೇಲೇಳುತ್ತಲೇ ಇರುತ್ತದೆ. ಬಿರಡೆಗೆ ಎರಡು ಮೂರು ಸುತ್ತು ಸಾಕು, ಸುತ್ತುಗಳು ಒಂದರ ಕೆಳಗೊಂದು ಕೂರಲಿ. ಆಮೇಲೆ ಪ್ರತಿ ತಂತಿಯನ್ನೂ 12ನೇ ಫ್ರೆಟ್ ಹತ್ತಿರ ಮೆಲ್ಲಗೆ ಎಳೆದು ಬಿಟ್ಟು ಮತ್ತೆ ಶ್ರುತಿ ಮಾಡಿ. ಎಳೆದರೂ ಶ್ರುತಿ ಇಳಿಯದಾಗುವವರೆಗೆ ಹೀಗೆ ಮಾಡಿ. ಬಿರಡೆ ತಿರುಗಿಸುವಾಗ ಟಿಕ್ ಎಂದರೆ ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ. ನಟ್‌ನ ಗಾಡಿಗೆ 2ಬಿ ಪೆನ್ಸಿಲ್ ಸೀಸ ತಿಕ್ಕಿ.

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್. ಖಾಲಿ ತಂತಿ ಸರಿ, ಮೇಲಿನ ಸ್ವರಗಳು ಅಪಶ್ರುತಿ.
– ಓದುಗರು, ಮೈಸೂರು

ತಂತಿ ಹಳತಾಗಿದ್ದರೆ ಮೊದಲು ಅದನ್ನು ಬದಲಿಸಿ. 12ನೇ ಫ್ರೆಟ್‌ನ ಮೇಲೆ ಹಗುರಾಗಿ ಮುಟ್ಟಿ ಬರುವ ಹಾರ್ಮೋನಿಕ್‌ಗೂ ಅಲ್ಲೇ ಒತ್ತಿ ನುಡಿಸಿದ ಸ್ವರಕ್ಕೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಆ ತಂತಿಯ ಸ್ಯಾಡಲ್ ಹಿಂದಕ್ಕೆ (ಕುತ್ತಿಗೆಯಿಂದ ದೂರಕ್ಕೆ), ಇಳಿದಿದ್ದರೆ ಮುಂದಕ್ಕೆ. ತಂತಿ ಸಡಿಲಿಸಿಯೇ ಸ್ಕ್ರೂ ತಿರುಗಿಸಿ.

ಪ್ರಶ್ನೆ: ಫ್ರೆಟ್‌ಬೋರ್ಡಿಗೆ ತೆಂಗಿನೆಣ್ಣೆ ಹಚ್ಚಬಹುದಾ?
– ಓದುಗರು, ತಿಪಟೂರು

ತಿಪಟೂರಿನಿಂದಲೇ ಈ ಪ್ರಶ್ನೆ! ಬೇಡ. ಕಾಲ ಕಳೆದಂತೆ ಕಮಟುತ್ತದೆ, ಜಿಗುಟಾಗಿ ಧೂಳು ಹಿಡಿಯುತ್ತದೆ. ಬೀಟೆ ಮರದ ಬೋರ್ಡಿಗೆ ವರ್ಷಕ್ಕೆರಡು ಸಲ ನಾಲ್ಕೈದು ಹನಿ ಮಿನರಲ್ ಆಯಿಲ್ ಹಚ್ಚಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿ. ಪಾಲಿಶ್ ಹೊಡೆದ ಮೇಪಲ್ ಬೋರ್ಡಿಗೆ ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು.