ಎಡಗೈ ಮಗಳಿಗೆ ಫ್ಲೈ ಕಟ್ಟುವುದನ್ನು ಹೇಗೆ ಕಲಿಸಲಿ?

ಪ್ರಶ್ನೆ: ಗಾಳಕ್ಕೆ ಪುಕ್ಕ, ದಾರ ಸುತ್ತಿ ಮೀನಿಗೆ ಹುಳದಂತೆ ಕಾಣುವ ಫ್ಲೈ ಕಟ್ಟುವುದು ನನ್ನ ಹವ್ಯಾಸ. 9 ವರ್ಷದ ಮಗಳಿಗೂ ಕಲಿಯುವ ಆಸೆ. ಅವಳದ್ದು ಎಡಗೈ, ನನ್ನದು ಬಲಗೈ. ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರೆ ಅವಳಿಗೆ ಎಲ್ಲಾ ಗೋಜಲು. ಬಲಗೈಯಲ್ಲೇ ಕಲಿಸಿಬಿಡಲಾ?

ಉತ್ತರ: ದಯವಿಟ್ಟು ಬೇಡ. ಮೊದಲು ದಾರದ ಬಾಬಿನ್ ಅವಳ ಮುಂದೆ ಸುಮ್ನೆ ಇಟ್ಟು, ಯಾವ ಕೈಯಲ್ಲಿ ಎತ್ತಿಕೊಳ್ಳುತ್ತಾಳೆ ನೋಡಿ. ಎಡಗೈಯಲ್ಲಿ ಬರೆದರೂ ಇಂಥ ಕೆಲಸವನ್ನು ಬಲಗೈಯಲ್ಲಿ ಮಾಡುವ ಮಕ್ಕಳಿದ್ದಾರೆ. ಎಡಗೈಯಲ್ಲೇ ಎತ್ತಿಕೊಂಡಳೋ, ಎಲ್ಲವನ್ನೂ ಅವಳ ಕಡೆಗೆ ತಿರುಗಿಸಿ. ಅರ್ಧಂಬರ್ಧ ಬೇಡ.

ಗಾಳವನ್ನು ಕಚ್ಚಿ ಹಿಡಿಯುವ ವೈಸನ್ನು ತಿರುಗಿಸಿ, ಗಾಳದ ಕಣ್ಣು, ಅಂದ್ರೆ ದಾರ ಕಟ್ಟುವ ತೂತು, ಅವಳ ಎಡಕ್ಕೆ ಬರಲಿ. ಎಡಗೈ ದಾರ ಸುತ್ತುತ್ತದೆ, ಬಲಗೈ ಪುಕ್ಕ ಹಿಡಿಯುತ್ತದೆ.

ಇನ್ನು ತೋರಿಸುವ ವಿಷಯ. ಪಕ್ಕದಲ್ಲಿ ಬೇಡ, ಎದುರು ಕೂರಿ. ಆಗ ನಿಮ್ಮ ಬಲಗೈ ಅವಳ ಎಡಗೈ ಕಡೆಗೇ ಇರುತ್ತದೆ, ಎರಡೂ ಗಾಳಗಳ ಕಣ್ಣು ಒಂದೇ ಕಡೆ ನೋಡುತ್ತವೆ. ಆದರೆ ಒಂದು ತೊಡಕಿದೆ: ನೀವು ದಾರವನ್ನು ಗಾಳದ ಮೇಲಿಂದ ನಿಮ್ಮಿಂದ ಆಚೆಗೆ ಸುತ್ತಿದರೆ ಅವಳ ಕಣ್ಣಿಗೆ ಅದು ತನ್ನ ಕಡೆಗೇ ಬರುತ್ತದೆ, ಕಂಡಂತೆಯೇ ಮಾಡಿದರೆ ಸುತ್ತು ಉಲ್ಟಾ ಆಗುತ್ತದೆ. "ಮೇಲಿಂದ, ನಿನ್ನಿಂದ ಆಚೆಗೆ" ಅಂತ ಹೇಳುತ್ತಾ ಇರಿ. ಇದಕ್ಕಿಂತ ಒಳ್ಳೆಯ ದಾರಿ ಅಂದ್ರೆ, ನಿಮ್ಮ ಭುಜದ ಮೇಲಿಂದ ನಿಮ್ಮ ಕೈಗಳ ವಿಡಿಯೊ ತೆಗೆದು, ಮೊಬೈಲಿನಲ್ಲೇ ಎಡ-ಬಲ ಅದಲುಬದಲು ಮಾಡಿ ತೋರಿಸುವುದು. ಅದರಲ್ಲಿ ಕಂಡದ್ದನ್ನು ಅವಳು ಹಾಗೇ ಮಾಡಬಹುದು.

ಸುತ್ತುತ್ತಾ ಹೋದಂತೆ ದಾರ ಹುರಿಗೊಳ್ಳುತ್ತದೆ ಅಲ್ವಾ, ಅವಳ ದಾರದಲ್ಲಿ ಆ ಹುರಿ ನಿಮ್ಮದಕ್ಕೆ ವಿರುದ್ಧ. ಬಿಚ್ಚಲು ಬಾಬಿನ್ ತಿರುಗಿಸುವುದೂ ವಿರುದ್ಧ ದಿಕ್ಕಿಗೆ.

ಎಡಗೈ ಕತ್ತರಿಯನ್ನು ಮಾತ್ರ ತಪ್ಪದೆ ಕೊಡಿಸಿ. ಮಾಮೂಲಿ ಕತ್ತರಿಯನ್ನು ಎಡಗೈಯಲ್ಲಿ ಒತ್ತಿದರೆ ಅಲಗುಗಳು ಒಂದರಿಂದೊಂದು ದೂರ ಸರಿದು, ಪುಕ್ಕ ತುಂಡಾಗುವ ಬದಲು ನಡುವೆ ಮಡಚಿ ಸಿಕ್ಕಿಕೊಳ್ಳುತ್ತದೆ. ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ, ನನಗೆ ತುಂಬಾ ಬೇಜಾರಾಗುವುದು ಇದಕ್ಕೇ. ತಪ್ಪು ಕತ್ತರಿಯದು, ಕೈಯದಲ್ಲ.

ಮೊದಲ ಫ್ಲೈಗೆ ವೂಲಿ ಬಗ್ಗರ್ ಎಂಬ ನಮೂನೆ ಸಾಕು, 6 ಅಥವಾ 8ನೇ ನಂಬರಿನ ಗಾಳದಲ್ಲಿ. ದೊಡ್ಡದಾದ್ದರಿಂದ ಕೈಗೆ ಸಲೀಸು, ಸುತ್ತು ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಡಿ, ಕಣ್ಣಿಗೆ ಕನ್ನಡಕ ಇರಲಿ. ಕೊನೆಗೆ ಎರಡು-ಮೂರು ಹಾಫ್ ಹಿಚ್ ಗಂಟು ಹಾಕಿ ಒಂದು ಹನಿ ವಾರ್ನಿಶ್ ಇಟ್ಟರೆ ಸಾಕು. ಫ್ಲೈ ಮುಗಿಸುವ ಇನ್ನೊಂದು ಗಂಟಾದ ವಿಪ್ ಫಿನಿಶ್ ಅವಳೇ ಕೇಳಿದಾಗ ಕಲಿಸಿ.